ಬೇಸಿಗೆ ರಜೆಗೆ ಮಕ್ಕಳ ಓಪಿಡಿ: ಮಿಮ್ಸ್‌ಗೆ ಹೋಗಲಾ, ಚೆಲುವಾಂಬ ಆಸ್ಪತ್ರೆಗಾ?

ಮಂಡ್ಯದ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ. ಮೇ ತಿಂಗಳಲ್ಲಿ ನಾಲ್ಕು ವಾರ ರಜೆ ಇದೆ, ಮಕ್ಕಳ ಓಪಿಡಿಯಲ್ಲಿ ಕೆಲಸ ಕಲಿಯಬೇಕು ಅಂತ ತುಂಬಾ ಆಸೆ. ಮನೆಯಿಂದ ಮಿಮ್ಸ್ (ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಹತ್ತಿರ. ಮೈಸೂರಿನ ಚೆಲುವಾಂಬ ಆಸ್ಪತ್ರೆ ಅಂದರೆ ದಿನಾ ಬೆಳಗ್ಗೆ ರೈಲು ಹಿಡಿಯಬೇಕು. ಹೋದ ವರ್ಷ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಹದಿನೈದು ದಿನವೂ ಚೀಟಿ ಬರೆಯೋದು, ಫೈಲ್ ಎತ್ತಿಡೋದು, ಅಷ್ಟೇ. ಒಂದು ಮಗುವನ್ನೂ ಮುಟ್ಟಲಿಲ್ಲ, ಮನೆಗೆ ಬಂದು ಅತ್ತಿದ್ದೆ. ಈ ಸಲ ಎಲ್ಲಿಗೆ ಹೋಗಲಿ, ಹೋದ ಮೇಲೆ ಏನು ಕೆಲಸ ಕೇಳಲಿ?

ಓಪಿಡಿ ಸಿಸ್ಟರ್
ತಂಗಿ, ಎರಡೂ ಸರ್ಕಾರಿ ಬೋಧನಾ ಆಸ್ಪತ್ರೆಗಳೇ, ಎರಡರಲ್ಲೂ ಮಕ್ಕಳಿಗೆ ಕೊರತೆ ಇಲ್ಲ. ಓಡಾಟದಲ್ಲೇ ಸುಸ್ತಾಗೋದಾದರೆ ಮಿಮ್ಸ್ ಸಾಕು. ಈಗಲೇ ಪ್ರಿನ್ಸಿಪಾಲರ ಪತ್ರ ತಗೊಂಡು ಹೋಗಿ ಕೇಳು, ಕೊನೇ ವಾರದಲ್ಲಿ ಓಡಬೇಡ.

ಮೊದಲ ದಿನವೇ ಸಿಸ್ಟರ್ ಹತ್ತಿರ ಹೋಗಿ "ತೂಕದ ಮೇಜು ನನಗೆ ಕೊಡಿ" ಅಂತ ಕೇಳು. ಯಾರೂ ಬೇಡ ಅನ್ನಲ್ಲ. ಅದು ಸಣ್ಣ ಕೆಲಸ ಅಂದ್ಕೋಬೇಡ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ ಲೆಕ್ಕ, ಅಂದರೆ ನೀನು ತೂಕ ತಪ್ಪು ಬರೆದರೆ ಔಷಧಿಯೂ ತಪ್ಪುತ್ತದೆ. ಕುಲಾವಿ, ಕಾಲ್ಗೆಜ್ಜೆ, ಒದ್ದೆ ಡೈಪರ್ ಎಲ್ಲಾ ಬಿಚ್ಚಿಸಿ, ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ ಆಮೇಲೆ ಮಲಗಿಸು.

ಇನ್ನೊಂದು, ಉಸಿರು ಎಣಿಸೋದು. ಮಗು ಅಮ್ಮನ ಮಡಿಲಲ್ಲೇ ಇರಲಿ, ಅಂಗಿ ಸ್ವಲ್ಪ ಮೇಲೆತ್ತಿ ಪೂರ್ತಿ ಒಂದು ನಿಮಿಷ ಹೊಟ್ಟೆ ನೋಡು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋದು ಬೇಡವೇ ಬೇಡ. 2 ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಲಿನಲ್ಲಿ ಕೂರಿಸದೆ ಆಗಲೇ ಡಾಕ್ಟರಿಗೆ ಹೇಳು. ನಾನು ಕಲಿಯುವಾಗ ಎಂಟು ತಿಂಗಳ ಒಂದು ಕೂಸು ಸುಮ್ನೆ ನಿದ್ದೆ ಮಾಡುತ್ತಿತ್ತು, ಶೀತ ಅಷ್ಟೇ ಅಂತ ಅಜ್ಜಿ ಹೇಳುತ್ತಿದ್ದರು. ಎಣಿಸಿದರೆ 58. ಪಕ್ಕೆ ಒಳಗೆ ಎಳೀತಾ ಇತ್ತು. ನ್ಯುಮೋನಿಯಾ.

ನಾಲ್ಕನೇ ವರ್ಷದವನು
ಅಕ್ಕ ಹೇಳಿದ್ದು ಸರಿ. ಲಸಿಕೆ ಕೊಡುವ ದಿನ ಮಾತ್ರ ತಪ್ಪಿಸಬೇಡ. ಐಎಲ್‌ಆರ್ (ಲಸಿಕೆ ಇಡುವ ಫ್ರಿಜ್) ಒಳಗೆ 2ರಿಂದ 8 ಡಿಗ್ರಿ ಇದೆಯಾ ಅಂತ ದಿನಕ್ಕೆ ಎರಡು ಸಲ ಬರೆದಿಡುತ್ತಾರೆ, ಕೇಳಿ ನೀನೂ ನೋಡು. ಚುಚ್ಚುವುದಕ್ಕಿಂತ ಆಮೇಲಿನ ಮಾತು ಕಷ್ಟ: ಯಾವ ಲಸಿಕೆ, ಜ್ವರ ಬಂದರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು, ತಾಯಿ ಕಾರ್ಡ್ ಜೋಪಾನ. ಅರ್ಧ ಗಂಟೆ ಅಲ್ಲೇ ಕೂರಿಸಬೇಕು, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೊರಡುತ್ತಾರೆ.

ಪಾಂಡವಪುರದ ಅಮ್ಮ
ನಾನು ನರ್ಸ್ ಅಲ್ಲ ಮಗಳೇ, ಆದರೂ ಹೇಳಬೇಕು ಅನ್ನಿಸಿತು. ಹೋದ ಬೇಸಿಗೆಯಲ್ಲಿ ಮಗನಿಗೆ ಭೇದಿ ಆಗಿ ಕರ್ಕೊಂಡು ಹೋಗಿದ್ದೆ. ನಾನು ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೋಟ ನೀರಿಗೆ ಹಾಕಿ ಕುಡಿಸುತ್ತಿದ್ದೆ. ನಿನ್ನ ಥರದ್ದೇ ಒಬ್ಬ ಹುಡುಗಿ ಪೊಟ್ಟಣದ ಮೇಲೆ ಬರೆದಿದ್ದನ್ನ ಓದಿ ಹೇಳಿ, ಒಂದು ಲೀಟರ್ ಬಾಟಲಿ ತಂದು ನನ್ನ ಕೈಯಲ್ಲೇ ಕಲೆಸಿದಳು. ಬೈಯಲಿಲ್ಲ. ಜಿಂಕ್ ಮಾತ್ರೆ ಭೇದಿ ನಿಂತರೂ 14 ದಿನ ಕೊಡಿ ಅಂತ ಎರಡು ಸಲ ಹೇಳಿದಳು. ಆ ಮಗೂನ ನಾನು ಮರೆತಿಲ್ಲ.

ಮಂಡ್ಯದ ಹುಡುಗಿ
ಅಮ್ಮಾ, ಕಣ್ಣು ತುಂಬಿ ಬಂತು. ಸೋಮವಾರ ಪತ್ರ ಕೇಳುತ್ತೇನೆ, ಮಿಮ್ಸ್‌ಗೇ. ಅಕ್ಕ, ಮಗು ಜೋರಾಗಿ ಅಳುತ್ತಿದ್ದರೆ ಉಸಿರು ಹೇಗೆ ಎಣಿಸೋದು?

ಓಪಿಡಿ ಸಿಸ್ಟರ್
ಎಣಿಸಬಾರದು, ಲೆಕ್ಕ ಸಿಗಲ್ಲ. ಅಮ್ಮನಿಗೆ ಹಾಲು ಕುಡಿಸಿ ಸಮಾಧಾನ ಮಾಡೋಕೆ ಹೇಳು, ಸುಮ್ಮನಾದ ಮೇಲೆ ಎಣಿಸು. ಅಷ್ಟರಲ್ಲಿ ಇನ್ನೊಂದು ಮಗು ನೋಡು. ಸೆಕೆಂಡ್ ಮುಳ್ಳಿರುವ ಗಡಿಯಾರ ಕಟ್ಟಿಕೊಂಡು ಹೋಗು.