ಐದು ಸಾವಿರದೊಳಗೆ ವೈರ್‌ಲೆಸ್ ಹೆಡ್‌ಫೋನ್: ಕನ್ನಡಕ ಹಾಕುವವರು ಏನು ನೋಡಿ ಕೊಳ್ಳಬೇಕು?

ಪ್ರಶ್ನೆ: ಬಜೆಟ್ 5,000 ರೂಪಾಯಿ. ದಿನವಿಡೀ ಕನ್ನಡಕ ಇರುತ್ತದೆ. ಬಸ್ಸಿನಲ್ಲಿ ಹೋಗಿಬರುವಾಗ ಕರ್ನಾಟಕ ಸಂಗೀತ, ಆಫೀಸಿನಲ್ಲಿ ಲ್ಯಾಪ್‌ಟಾಪ್ ಮೀಟಿಂಗು, ಒಟ್ಟು ನಾಲ್ಕೈದು ಗಂಟೆ ಬಳಕೆ. ಕಿವಿ ನೋಯಬಾರದು, ದನಿ ಚೊಕ್ಕವಾಗಿರಬೇಕು. ಪೆಟ್ಟಿಗೆ ಮೇಲೆ 40 ಎಂಎಂ, 50 ಎಂಎಂ, ಇಎನ್‌ಸಿ, ಎಎನ್‌ಸಿ, ಎಲ್‌ಡಿಎಸಿ ಅಂತೆಲ್ಲ ಬರೆದಿರುತ್ತಾರೆ. ಇವುಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ?

—

ಮೊದಲು ಪ್ಯಾಡ್ ನೋಡಿ, ಆಮೇಲೆ ಮಿಕ್ಕಿದ್ದು. ಪ್ಯಾಡಿಗೂ ಚರ್ಮಕ್ಕೂ ನಡುವೆ ಗಾಳಿ ಸೋರದಿದ್ದರೆ ಮಾತ್ರ ಬೇಸ್ ನಿಲ್ಲುತ್ತದೆ. ಕನ್ನಡಕದ ಕಡ್ಡಿ ಅಲ್ಲೇ ಒಂದು ಸಂದು ಮಾಡಿಬಿಡುತ್ತದೆ. ಆ ಸಂದಿನಿಂದ ಹೋಗುವುದು ತಗ್ಗಿನ ದನಿ, ಕೀರಲು ದನಿ ಹಾಗೇ ಉಳಿಯುತ್ತದೆ. ಅದಕ್ಕೇ ಒಂದೇ ಹೆಡ್‌ಫೋನು ಒಬ್ಬರಿಗೆ ತುಂಬಿಕೊಂಡಂತೆ, ಇನ್ನೊಬ್ಬರಿಗೆ ತಗಡು ಬಡಿದಂತೆ ಕೇಳಿಸುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಕನ್ನಡಕ ತೆಗೆಯದೆ ಹೆಡ್‌ಫೋನ್ ಹಾಕಿಕೊಂಡು ಮೃದಂಗ ಚೆನ್ನಾಗಿ ಕೇಳುವ ಸಂಗೀತ ಕಚೇರಿಯೊಂದನ್ನು ಹಚ್ಚಿ. ಎರಡೂ ಅಂಗೈಯಿಂದ ಕಪ್ಪುಗಳನ್ನು (ಕಿವಿಯ ಮೇಲೆ ಕೂರುವ ಬಟ್ಟಲುಗಳನ್ನು) ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದ ಕ್ಷಣ ತೊಪ್ಪಿಯ, ಅಂದರೆ ಮೃದಂಗದ ಎಡಮುಖದ, ಗುಮ್ಮೆನ್ನುವ ದನಿ ಎದ್ದು ಬಂದು, ಕೈ ಬಿಟ್ಟೊಡನೆ ಕುಸಿದರೆ ಪ್ಯಾಡ್ ಸೋರುತ್ತಿದೆ. ಕಡ್ಡಿಯನ್ನು ಕಿವಿಯ ಮೇಲೆ ಎರಡು ಮಿಲಿಮೀಟರ್ ಎತ್ತಿ ಕೂರಿಸಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಆ ಮಾಡೆಲ್ ನಿಮ್ಮ ತಲೆಗಲ್ಲ. ಮೆತ್ತನೆಯ, ನಿಧಾನಕ್ಕೆ ಉಬ್ಬುವ ಫೋಮ್ ಕಡ್ಡಿಯ ಸುತ್ತ ಕೂರುತ್ತದೆ. ಬಿರುಸಾದ ಫೋಮ್ ಕಡ್ಡಿಯನ್ನು ತಲೆಗೆ ಒತ್ತುತ್ತದೆ, ನೋವು ಬರುವುದು ಅಲ್ಲಿಂದ.

ಕಿವಿ ಪೂರ್ತಿ ಮುಚ್ಚುವ ಓವರ್-ಇಯರ್ ತೆಗೆದುಕೊಳ್ಳುವುದಾದರೆ ಪ್ಯಾಡಿನ ಒಳಗಿನ ಕುಳಿ ಅಳೆಯಿರಿ. ಸ್ಕೇಲಿನಿಂದ ಮನೆಯಲ್ಲೇ ಕಿವಿಯ ಎತ್ತರ ಅಳೆದುಕೊಂಡು ಹೋಗಿ. ಅದು ಆರು ಸೆಂಟಿಮೀಟರ್ ದಾಟಿದ್ದರೆ ಒಳಗಿನ ಉದ್ದ 65 ಮಿ.ಮೀ., ಅಗಲ 40 ಮಿ.ಮೀ., ಆಳ 20 ಮಿ.ಮೀ. ಆದರೂ ಇರಲಿ. ಆಳ ಕಡಿಮೆಯಾದರೆ ಕಿವಿಯ ಅಂಚು ಒಳಗಿನ ಬಟ್ಟೆಗೆ ತಾಗುತ್ತದೆ. ಐದು ನಿಮಿಷಕ್ಕೆ ಅದು ಗೊತ್ತಾಗುವುದಿಲ್ಲ, ನಲವತ್ತನೇ ನಿಮಿಷಕ್ಕೆ ಉರಿಯುತ್ತದೆ. ಚಿತ್ರದಲ್ಲಿ ದೊಡ್ಡದಾಗಿ ಕಂಡರೂ ಕುಳಿ ಚಿಕ್ಕದಿರುವ ಮಾಡೆಲ್‌ಗಳು ಈ ಬೆಲೆಯಲ್ಲಿ ಬಹಳ ಇವೆ.

—

ಮೇಲಿನ ಮಾತು ಒಪ್ಪುತ್ತೇನೆ, ಆದರೆ ತೂಕವನ್ನು ಬಿಡಬೇಡಿ. ನಾಲ್ಕು ಗಂಟೆ ಬಳಕೆಗೆ 250 ಗ್ರಾಂ ಮೀರಿದ್ದು ಬೇಡ. ಸೋನಿ ಡಬ್ಲ್ಯುಎಚ್-ಸಿಎಚ್520 ಬರೀ 147 ಗ್ರಾಂ, ಒಮ್ಮೆ ಚಾರ್ಜ್ ಮಾಡಿದರೆ 50 ಗಂಟೆ ಬರುತ್ತದೆ, ಒಟ್ಟಿಗೆ ಎರಡು ಸಾಧನಕ್ಕೆ ಕನೆಕ್ಟ್ ಆಗುತ್ತದೆ, ಬೆಲೆ ನಿಮ್ಮ ಬಜೆಟ್ಟಿನೊಳಗೇ. ಆದರೆ ಅದು ಕಿವಿಯ ಮೇಲೆ ಕೂರುವ ಆನ್-ಇಯರ್. ಕಡ್ಡಿ ತೆಳುವಾದ ಲೋಹದ್ದಾದರೆ ಒಂದೊಂದೂವರೆ ಗಂಟೆ ತೊಂದರೆಯಿಲ್ಲ. ದಪ್ಪ ಪ್ಲಾಸ್ಟಿಕ್ ಫ್ರೇಮಾದರೆ ಕಿವಿ ಕಡ್ಡಿಗೂ ಪ್ಯಾಡಿಗೂ ನಡುವೆ ಸಿಕ್ಕಿ ನೋಯುತ್ತದೆ. ಬಿಸಿಲುಕಾಲದಲ್ಲಿ ಮಾತ್ರ ಆನ್-ಇಯರ್‌ನಲ್ಲಿ ಬೆವರು ಕಮ್ಮಿ, ಕರಾವಳಿಯವರಿಗೆ ಅದು ಸಣ್ಣ ಲಾಭವಲ್ಲ. ಓವರ್-ಇಯರ್ ಬೇಕೆಂದರೆ ಜೆಬಿಎಲ್ ಟ್ಯೂನ್ 720ಬಿಟಿ ನೋಡಿ: 220 ಗ್ರಾಂ, 76 ಗಂಟೆ, ಎಎನ್‌ಸಿ ಇಲ್ಲ.

ಪೆಟ್ಟಿಗೆಯ ಮೇಲಿನ 40, 50 ಎಂಎಂ ಅಂದರೆ ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರಿನ ಗಾತ್ರ. ಅದಕ್ಕೆ ದುಡ್ಡು ಕೊಡಬೇಡಿ. ಈ ಸಿಎಚ್520ರದ್ದು 30 ಎಂಎಂ ಅಷ್ಟೇ. ದನಿ ಕಟ್ಟುವುದು ಕಪ್ಪಿನೊಳಗಿನ ಜಾಗ, ಗಾಳಿಕಂಡಿಗಳು, ಪ್ಯಾಡು, ಟ್ಯೂನಿಂಗು, ಇಷ್ಟೂ ಸೇರಿ. 50 ಎಂಎಂ ಎಂದು ಪೆಟ್ಟಿಗೆಯ ಮುಂಭಾಗದಲ್ಲೇ ಬರೆದಿದ್ದರೆ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ ಎಂದೇ ನನ್ನ ಲೆಕ್ಕ.

—

ಇಎನ್‌ಸಿ ಮತ್ತು ಎಎನ್‌ಸಿ ಬೇರೆ ಬೇರೆ, ದಯವಿಟ್ಟು ಇದೊಂದು ನೆನಪಿಟ್ಟುಕೊಳ್ಳಿ. ಇಎನ್‌ಸಿ ಮೈಕಿಗೆ ಸಂಬಂಧಿಸಿದ್ದು, ಆ ಕಡೆ ಮಾತಾಡುವವರಿಗೆ ನಿಮ್ಮ ಸುತ್ತಲ ಗದ್ದಲ ಕಮ್ಮಿ ಕೇಳಿಸುವುದಕ್ಕೆ. ನಿಮ್ಮ ಕಿವಿಗೆ ಅದರಿಂದ ಏನೂ ಆಗುವುದಿಲ್ಲ. ನಿಮಗೆ ಕೇಳುವ ಗದ್ದಲ ತಗ್ಗಿಸುವುದು ಎಎನ್‌ಸಿ. ‘ನಾಯ್ಸ್ ಕ್ಯಾನ್ಸಲೇಷನ್’ ಎಂದು ಮಾತ್ರ ಬರೆದಿದ್ದರೆ ವಿವರಗಳಲ್ಲಿ ‘ಆ್ಯಕ್ಟಿವ್’ ಪದ ಇದೆಯೇ ಎಂದು ಹುಡುಕಿ.

ಎಎನ್‌ಸಿ ಹಿಡಿಯುವುದು ಒಂದೇ ಸಮನೆ ಬರುವ ತಗ್ಗಿನ ಸದ್ದನ್ನು. ಬಸ್ಸಿನ ಎಂಜಿನ್ ಗುರುಗುಟ್ಟುವುದು, ಫ್ಯಾನು, ಎ.ಸಿ. ಇಂಥವನ್ನು. ಕಂಡಕ್ಟರ್ ಸೀಟಿ, ಹಾರ್ನು, ಪಕ್ಕದವರ ಮಾತು ಬಂದೇ ಬರುತ್ತವೆ. ನಿಮಗೆ ದಿನಾ ಬಸ್ಸಿದೆ, ಆದ್ದರಿಂದ ಎಎನ್‌ಸಿಗೆ ಸ್ವಲ್ಪ ದುಡ್ಡು ಹಾಕುವುದು ಸರಿ. ಎಂಜಿನ್ ಸದ್ದು ಮೀರಿಸಲು ವಾಲ್ಯೂಮ್ ಏರಿಸುವುದು ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ದಿನಕ್ಕೆ ಐದು ಗಂಟೆ ಕೇಳುವವರು ಅದರ ಹತ್ತಿರವೇ ಇದ್ದಾರೆ. ಕನ್ನಡಕದ ಸಂದು ಇಲ್ಲೂ ಕೆಡಿಸುತ್ತದೆ. ಸೋರುವ ಪ್ಯಾಡಿನಲ್ಲಿ ಎಷ್ಟು ಒಳ್ಳೆಯ ಎಎನ್‌ಸಿಯೂ ಅರೆಬರೆ.

—

ಮೀಟಿಂಗಿನ ವಿಷಯ ಯಾರೂ ಹೇಳಲಿಲ್ಲ. ‘ಹಾಡು ಚೆನ್ನಾಗಿತ್ತು, ಮೀಟಿಂಗ್ ಶುರುವಾದ ತಕ್ಷಣ ಹಳೇ ಲ್ಯಾಂಡ್‌ಲೈನ್ ಥರ ಆಯ್ತು’ ಅಂತ ಬೇಕಾದಷ್ಟು ಜನ ಹೆಡ್‌ಫೋನನ್ನೇ ವಾಪಸ್ ಮಾಡ್ತಾರೆ. ಹೆಡ್‌ಫೋನ್ ಕೆಟ್ಟಿರೋದಿಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ. ಹೆಡ್‌ಫೋನಿನ ಮೈಕ್ ಆನ್ ಆದ ಕೂಡಲೇ ಲ್ಯಾಪ್‌ಟಾಪ್ ಕರೆಯ ದಾರಿಗೆ ಹೊರಳುತ್ತೆ. ಅಲ್ಲಿ ಸ್ಟೀರಿಯೋ ಇಲ್ಲ, ಸ್ಯಾಂಪ್ಲಿಂಗ್ (ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೆ ಅನ್ನೋದು) 16 ಕಿಲೋಹರ್ಟ್ಜ್, ಹಳೇದಾದರೆ 8 ಕಿಲೋಹರ್ಟ್ಜ್. ಐದು ಸಾವಿರದ್ದು ಕೊಂಡರೂ ಇಪ್ಪತ್ತೈದು ಸಾವಿರದ್ದು ಕೊಂಡರೂ ಬಹುಮಟ್ಟಿಗೆ ಇದು ಹೀಗೇ.

ಪರಿಹಾರ ಸುಲಭ. ಜೂಮ್, ಟೀಮ್ಸ್, ಮೀಟ್ ಯಾವುದೇ ಇರಲಿ, ಅದರ ಆಡಿಯೋ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಅಂತ ಹೆಡ್‌ಫೋನ್ ಕೊಡಿ, ಮೈಕ್ರೊಫೋನ್ ಅಂತ ಲ್ಯಾಪ್‌ಟಾಪಿನದ್ದೇ ಕೊಡಿ. ವಿಂಡೋಸ್ ತಾನಾಗಿ ಮತ್ತೆ ಬದಲಾಯಿಸ್ತಾ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ ಡಿವೈಸಸ್ ಆ್ಯಂಡ್ ಪ್ರಿಂಟರ್ಸ್‌ಗೆ ಹೋಗಿ (ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಡಿವೈಸಸ್, ಅಲ್ಲಿ ಮೋರ್ ಡಿವೈಸಸ್ ಆ್ಯಂಡ್ ಪ್ರಿಂಟರ್ ಸೆಟ್ಟಿಂಗ್ಸ್), ಹೆಡ್‌ಫೋನಿನ ಪ್ರಾಪರ್ಟೀಸ್, ಅದರಲ್ಲಿ ಸರ್ವಿಸಸ್, ಅಲ್ಲಿ ಹ್ಯಾಂಡ್ಸ್‌ಫ್ರೀ ಟೆಲಿಫೋನಿ ಮುಂದಿನ ಟಿಕ್ ತೆಗೆಯಿರಿ. ಆಮೇಲೆ ಆ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿನ ಮೈಕ್ ಬರೋದಿಲ್ಲ, ಫೋನಿನಲ್ಲಿ ಮಾಮೂಲಿಯಂತೆ ಬರುತ್ತೆ.

—

ಎಲ್‌ಡಿಎಸಿ ಬಗ್ಗೆ ಎರಡೇ ಮಾತು. ಅದು ಕೋಡೆಕ್, ಅಂದರೆ ಹಾಡನ್ನು ಬ್ಲೂಟೂತ್‌ನಲ್ಲಿ ಕಳಿಸಲು ಕುಗ್ಗಿಸುವ ಬಗೆ; ಎಸ್‌ಬಿಸಿ, ಎಎಸಿ ಎಂಬವೂ ಅಂಥವೇ. ನಿಮ್ಮದು ಐಫೋನ್ ಆದರೆ ಅದು ಎಸ್‌ಬಿಸಿ ಮತ್ತು ಎಎಸಿ ಬಿಟ್ಟು ಬೇರೆ ಕಳಿಸುವುದೇ ಇಲ್ಲ, ಎಲ್‌ಡಿಎಸಿಗೆ ಕೊಟ್ಟ ದುಡ್ಡು ದಂಡ. ಆಂಡ್ರಾಯ್ಡ್ ಆದರೆ ಎಲ್‌ಡಿಎಸಿ 990 ಕೆಬಿಪಿಎಸ್‌ವರೆಗೆ ಹೋಗುತ್ತದೆ, ಗಿಜಿಗುಡುವ ಬಸ್‌ಸ್ಟ್ಯಾಂಡಿನಲ್ಲಿ 330ಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಅದು 328ರ ಎಸ್‌ಬಿಸಿಯ ಮಟ್ಟಕ್ಕೇ ಬಂದಿರುತ್ತದೆ. ಈ ಬೆಲೆಯಲ್ಲಿ ಪ್ಯಾಡಿನ ಸೋರಿಕೆ ಮಾಡುವ ವ್ಯತ್ಯಾಸದ ಮುಂದೆ ಕೋಡೆಕ್ ವ್ಯತ್ಯಾಸ ಏನೂ ಅಲ್ಲ.

—

ಕರ್ನಾಟಕ ಸಂಗೀತ ಕೇಳುವವರಿಗೆ ಈ ವರ್ಗದ ಹೆಡ್‌ಫೋನಿನಲ್ಲಿ ಎದುರಾಗುವ ನಿಜವಾದ ತೊಂದರೆ ಬೇಸ್ ಹೆಚ್ಚಾಗಿರುವುದು. 100ರಿಂದ 250 ಹರ್ಟ್ಜ್‌ನ ತಗ್ಗಿನ ದನಿ ಉಬ್ಬಿದ್ದರೆ ತೊಪ್ಪಿಯ ದನಿ ಗಂಡುಕಂಠದ ಮೇಲೆ ಹೊದ್ದುಕೊಳ್ಳುತ್ತದೆ, ತಂಬೂರಿ ಮಸುಕಾಗುತ್ತದೆ. ಕೊಳ್ಳುವ ಮುನ್ನ ಮೂರು ತುಣುಕು ಕೇಳಿ. ತನಿ ಆವರ್ತನದಲ್ಲಿ (ಮೃದಂಗವೊಂದೇ ನುಡಿಯುವ ಭಾಗದಲ್ಲಿ) ಬಲಗಡೆಯ ಚಾಪು, ಎಡಗಡೆಯ ಗುಮಕಿ ಎಂಬ ಪೆಟ್ಟುಗಳು ಬೇರೆಬೇರೆಯಾಗಿ ಕೇಳಬೇಕು. ಪಿಟೀಲು ತಾರಸ್ಥಾಯಿಗೆ ಹೋದಾಗ ಕಿವಿಗೆ ಚುಚ್ಚಬಾರದು. ಮೂರನೆಯದು ಕನ್ನಡ ವಾರ್ತೆ: ಸ, ಶ, ಚ ಬಂದಾಗಲೆಲ್ಲ ಉಗುಳು ಸಿಡಿದಂತೆ ಕೇಳಿದರೆ 5–8 ಕಿಲೋಹರ್ಟ್ಜ್ ಹತ್ತಿರ ಮೊನೆ ಇದೆ, ಅಂದರೆ ಅಲ್ಲಿನ ಕೀರಲು ದನಿ ಅತಿಯಾಗಿ ಎದ್ದಿದೆ.

ಉಬ್ಬಿದ್ದನ್ನು ಆಪ್‌ನ ಈಕ್ವಲೈಸರಿನಲ್ಲಿ (ತಗ್ಗಿನ, ಕೀರಲು ದನಿಗಳನ್ನು ಬೇರೆಬೇರೆಯಾಗಿ ಏರಿಳಿಸುವ ಕಡೆ) ತಗ್ಗಿಸಬಹುದು. 200 ಹರ್ಟ್ಜ್ ಸುತ್ತ 3 ಡೆಸಿಬೆಲ್ ಇಳಿಸಿ ಒಂದು ದಿನ ಕೇಳಿ, ಸಾಲದಿದ್ದರೆ ಇನ್ನೊಂದು ಡೆಸಿಬೆಲ್. ಏರಿಸುವುದಕ್ಕಿಂತ ಇಳಿಸುವುದು ಯಾವಾಗಲೂ ಕ್ಷೇಮ. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಎಂಬ ಆಪ್ ಇದೆ, ಅದರಲ್ಲಿ ಸಾವಿರಾರು ಮಾಡೆಲ್‌ಗಳ ತಿದ್ದುಪಡಿ ಸಿದ್ಧವಾಗಿರುತ್ತದೆ. ನಿಮ್ಮ ಮಾಡೆಲ್ ಅದರಲ್ಲಿ ಉಂಟೇ ಎಂದು ಕೊಳ್ಳುವ ಮುಂಚೆ ನೋಡಿಕೊಳ್ಳಿ. ಸ್ವಂತ ಈಕ್ವಲೈಸರ್ ಆಪ್ ಇಲ್ಲದ ಹೆಡ್‌ಫೋನಿಗೆ ಇದು ದೊಡ್ಡ ಆಸರೆ.

—

ಬಾಳಿಕೆಯ ಬಗ್ಗೆ. ಲೆದರ್ ಎನ್ನುವ ಪ್ಯಾಡು ನಿಜಕ್ಕೂ ಬಟ್ಟೆಯ ಮೇಲಿನ ಪಾಲಿಯುರೆಥೇನ್ ಪದರ. ಬೆವರು, ತೇವ, ತಲೆಗೆಣ್ಣೆ ಸೇರಿ ಅದು ಕಪ್ಪು ಹೊಟ್ಟಿನಂತೆ ಉದುರುತ್ತದೆ. ದಿನಾ ಒಣಬಟ್ಟೆಯಲ್ಲಿ ಒರೆಸಿ, ಸ್ಯಾನಿಟೈಸರ್ ಹಚ್ಚಲೇಬೇಡಿ. ಬಿಡಿ ಪ್ಯಾಡು ಸಿಗುವ ಮಾಡೆಲ್ ಆದರೆ ಅರ್ಧ ಚಿಂತೆ ಕಳೆಯಿತು. ಬದಲಿಸುವಾಗ ಮೊದಲಿನಷ್ಟೇ ದಪ್ಪದ್ದು ಹಾಕಿ. ಗಾಳಿಯಾಡುತ್ತದೆಂದು ವೆಲ್ವೆಟ್ ಪ್ಯಾಡು ಹಾಕಿದರೆ ಬೇಸ್ ಇಳಿಯುತ್ತದೆ, ಬೇಸ್ ಜಾಸ್ತಿ ಎನಿಸಿದವರಿಗೆ ಅದೇ ಒಳ್ಳೆಯದಾಗಬಹುದು.

ಟೈಪ್-ಸಿ ಕಂಡಿ ಇದ್ದರೂ ಕೆಲವು ಅಗ್ಗದವು ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗುವುದಿಲ್ಲ. ಕಂಡಿಯ ಹಿಂದೆ ಇರಬೇಕಾದ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕದೆ ದುಡ್ಡು ಉಳಿಸಿರುತ್ತಾರೆ. ಚಾರ್ಜರಿಗೆ ಆ ಕಡೆ ಏನೋ ಸಿಕ್ಕಿಸಿದೆ ಎಂದೇ ತಿಳಿಯುವುದಿಲ್ಲ. ಕೆಟ್ಟಿದೆ ಎಂದುಕೊಳ್ಳುವ ಮೊದಲು ಹಳೇ ಅಗಲ ಪಿನ್ನಿನ (ಯುಎಸ್‌ಬಿ-ಎ) ಚಾರ್ಜರಿನಿಂದ ಟೈಪ್-ಸಿಗೆ ಹೋಗುವ ಕೇಬಲ್ ಹಾಕಿ ನೋಡಿ.

ವಾರಂಟಿ ಮುಗಿದ ಮೇಲೆ ಬ್ಯಾಟರಿ ಕೆಟ್ಟುಹೋದರೆ ಹೆಡ್‌ಫೋನ್ ಎಸೆಯಬೇಡಿ. ಪ್ಯಾಡು ಕಿತ್ತರೆ ಕೆಳಗೆ ಮೂರೋ ನಾಲ್ಕೋ ಸ್ಕ್ರೂ ಇರುತ್ತವೆ, ಒಂದು ಕಪ್ಪಿನೊಳಗೆ ಚಪ್ಪಟೆ ಲಿಥಿಯಂ ಸೆಲ್ ಅಂಟಿಸಿರುತ್ತಾರೆ. ಅದರ ಮೇಲೆ 402030 ಎಂಬಂಥ ಸಂಖ್ಯೆ ಇದ್ದರೆ 4.0 ಮಿ.ಮೀ. ದಪ್ಪ, 20 ಅಗಲ, 30 ಉದ್ದ ಎಂದು ಓದಬೇಕು. ಅದೇ ಅಳತೆಯ 3.7 ವೋಲ್ಟಿನ, ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ ಬೆಂಗಳೂರಿನ ಎಸ್.ಪಿ. ರೋಡಿನಂಥ, ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿರುವ ಕಡೆ ಕೇಳಿ. ಹಳೆಯದರ ಎರಡೂ ವೈರನ್ನು ಒಟ್ಟಿಗೆ ಕತ್ತರಿಸಿದರೆ ಶಾರ್ಟ್ ಆಗುತ್ತದೆ. ಒಂದನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಆಮೇಲೆ ಇನ್ನೊಂದು. ಉಬ್ಬಿದ ಸೆಲ್ಲನ್ನು ಮಾತ್ರ ಚಾಕು ಹಾಕಿ ಮೀಟಬಾರದು, ಅದನ್ನು ರಿಪೇರಿಯವರ ಕೈಗೇ ಕೊಡಿ.