ಅಗ್ನಿಶಿಲೆ, ರೂಪಾಂತರ ಶಿಲೆ, ಜಿಯೋಕೆಮಿಸ್ಟ್ರಿ: ಓದಿದವರು ಹೇಳಿ, ಯಾವುದಕ್ಕೆ ಜಾಸ್ತಿ ಸಮಯ ಕೊಡಲಿ?

ಪ್ರಶ್ನೆ:
ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿ ಈಗ ಭೂವಿಜ್ಞಾನದ ಎಂಎಸ್ಸಿಗೆ ಸೇರಿದ್ದೇನೆ. ಮೇಲಿನ ಮೂರೂ ವಿಷಯ ಒಂದೇ ಸೆಮಿಸ್ಟರ್‌ನಲ್ಲಿವೆ. ಲೆಕ್ಕ, ಗ್ರಾಫು ಸಲೀಸು. ಮೈಕ್ರೋಸ್ಕೋಪಿನ ಮುಂದೆ ಕೂತರೆ ಮಾತ್ರ ಎಲ್ಲ ಖನಿಜವೂ ಒಂದೇ ಥರ ಕಾಣುತ್ತದೆ. ಜಿಯೋಕೆಮಿಸ್ಟ್ರಿ (ಕಲ್ಲುಗಳ ರಸಾಯನ) ಗಟ್ಟಿ ಮಾಡಿಕೊಂಡು, ಉಳಿದದ್ದನ್ನು ಪಾಸಾಗುವಷ್ಟು ಓದಿದರೆ ಸಾಕಾ?

ಪೆಟ್ರಾಲಜಿಯಲ್ಲಿ (ಶಿಲಾಶಾಸ್ತ್ರ) ಪಿಎಚ್‌ಡಿ ಮಾಡುತ್ತಿರುವವಳು:
ಸಾಲದು. ಬಸಾಲ್ಟ್, ಗ್ಯಾಬ್ರೊ, ಎಕ್ಲೋಗೈಟ್ ಮೂರನ್ನೂ ಪುಡಿ ಮಾಡಿ ಲ್ಯಾಬ್‌ಗೆ ಕೊಡಿ. ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಅಂಕಿ ಬರಬಹುದು, ಸಿಲಿಕಾ ಶೇ. 50ರ ಆಸುಪಾಸು. ಆದರೆ ಒಂದು ಹರಿದ ಲಾವಾ, ಇನ್ನೊಂದು ನೆಲದೊಳಗೆ ನಿಧಾನವಾಗಿ ತಣಿದದ್ದು, ಮತ್ತೊಂದು ಭಾರಿ ಒತ್ತಡದಲ್ಲಿ ಗಾರ್ನೆಟ್ ಮತ್ತು ಹಸಿರು ಪೈರಾಕ್ಸೀನ್ ಆಗಿ ಬದಲಾದದ್ದು. ಪುಡಿಯಾದ ಮೇಲೆ ಈ ವ್ಯತ್ಯಾಸ ಎಲ್ಲಿ ಉಳಿಯುತ್ತದೆ? ಆಂಡಲೂಸೈಟ್, ಕಯನೈಟ್, ಸಿಲಿಮನೈಟ್ ಕೂಡ ಹಾಗೆಯೇ. ಮೂರರದ್ದೂ ಒಂದೇ ಫಾರ್ಮುಲಾ. ಯಾವುದಿದೆ ಎಂದು ಕಣ್ಣಿಂದ ನೋಡಿದರೆ ಮಾತ್ರ ಒತ್ತಡ, ತಾಪಮಾನದ ಸುಳಿವು ಸಿಗುತ್ತದೆ.

ಥಿನ್ ಸೆಕ್ಷನ್‌ಗೆ, ಅಂದರೆ ಬೆಳಕು ಹಾಯುವಷ್ಟು ತೆಳ್ಳಗೆ ಅರೆದ ಕಲ್ಲಿನ ಸ್ಲೈಡಿಗೆ, ಹೆದರಬೇಡಿ. ಮೊದಲು ಬೆಣಚನ್ನು ಹುಡುಕಿ. ಸ್ಲೈಡ್ ಸರಿಯಾಗಿ 0.03 ಮಿ.ಮೀ. ದಪ್ಪ ಇದ್ದರೆ ಕ್ರಾಸ್ಡ್ ಪೋಲಾರ್‌ನಲ್ಲಿ (ಸ್ಲೈಡಿನ ಕೆಳಗೂ ಮೇಲೂ ಒಂದಕ್ಕೊಂದು ಅಡ್ಡವಾಗಿ ಪೋಲರಾಯ್ಡ್ ಫಿಲ್ಟರ್ ಹಾಕಿ ನೋಡಿದಾಗ) ಅದು ಬೂದು-ಬಿಳಿ. ಹಳದಿ ಕಂಡರೆ ಸ್ಲೈಡೇ ದಪ್ಪ ಎಂದರ್ಥ, ಉಳಿದ ಬಣ್ಣಗಳನ್ನೂ ನಂಬಬೇಡಿ. ಗಾರ್ನೆಟ್ ಸಾಮಾನ್ಯವಾಗಿ ಎತ್ತ ತಿರುಗಿಸಿದರೂ ಕಪ್ಪಾಗಿಯೇ ಇರುತ್ತದೆ. ಪ್ಲಾಜಿಯೋಕ್ಲೇಸ್‌ನಲ್ಲಿ ಹೆಚ್ಚಾಗಿ ಕಪ್ಪು-ಬಿಳಿ ಪಟ್ಟೆ. ಬಣ್ಣಕ್ಕೆ ಮರುಳಾಗಿ ನೇರ ಕ್ರಾಸ್ಡ್ ಪೋಲಾರ್‌ಗೆ ಹೋಗುವವರೇ ಜಾಸ್ತಿ. ಸಾದಾ ಬೆಳಕಿನಲ್ಲೇ ಆಕಾರ, ಸೀಳು, ಅಂಚು ನೋಡಿ ಪೆನ್ಸಿಲಲ್ಲಿ ಬಿಡಿಸಿ. ಫೋಟೊ ತೆಗೆದರೆ ಮೊಬೈಲಿಗೆ ನೆನಪಿರುತ್ತದೆ, ನಿಮಗಲ್ಲ. ಆಮೇಲೆ ಯಾರು ಯಾರನ್ನು ಸುತ್ತುವರಿದಿದ್ದಾರೆ ನೋಡಿ. ಆಲಿವೀನ್ ಸುತ್ತ ಪೈರಾಕ್ಸೀನ್ ಅಂಚು ಸಿಕ್ಕರೆ, ಕರಗಿದ ಶಿಲೆ (ಮ್ಯಾಗ್ಮಾ) ತಣಿಯುವಾಗ ಖನಿಜಗಳು ಹರಳುಗಟ್ಟುವ ಕ್ರಮವೆಂದು ಬೋವೆನ್ ಹೇಳಿದ ಸರಣಿ ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ.

ವಿಶ್ಲೇಷಣೆ ಲ್ಯಾಬ್‌ನಲ್ಲಿ ಕೆಲಸ ಮಾಡುವವರು:
ಅಂಕಿ ಕೈಗೆ ಬಂದಾಗ, ಕಲ್ಲನ್ನು ಯಾವುದರಲ್ಲಿ ಅರೆದರು ಎಂದು ಕೇಳಿ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಾದರೆ ಟಂಗ್‌ಸ್ಟನ್, ಕೋಬಾಲ್ಟ್ ಅಂಕಿಗಳನ್ನು ಪಕ್ಕಕ್ಕಿಡಿ, ಅವು ಪಾತ್ರೆಯಿಂದಲೇ ಸೇರಿರಬಹುದು. ಗ್ರಾನೈಟನ್ನು ಆಸಿಡ್‌ನಲ್ಲಿ ಕರಗಿಸಿದ್ದರೆ ಜಿರ್ಕೋನಿಯಂ ಕಮ್ಮಿ ಬಂದಿರಬಹುದು. ಅದನ್ನು ಹಿಡಿದಿಟ್ಟ ಜಿರ್ಕಾನ್ ಖನಿಜ ಹಟಮಾರಿ, ಸುಲಭಕ್ಕೆ ಕರಗುವುದಿಲ್ಲ. ಸ್ಟ್ಯಾಂಡರ್ಡ್ ಮಾದರಿಯ (ಸಂಯೋಜನೆ ಮೊದಲೇ ಗೊತ್ತಿರುವ ಕಲ್ಲಿನ) ಫಲಿತಾಂಶ ತೋರಿಸದ ಡೇಟಾ ನನ್ನ ಮಟ್ಟಿಗೆ ಡೇಟಾನೇ ಅಲ್ಲ. ದೊಡ್ಡ ಹರಳಿನ ಕಲ್ಲಾದರೆ ಒಂದು ಮುಷ್ಟಿ ಚೂರು ಏನೂ ಸಾಲದು.

ಜ್ವಾಲಾಮುಖಿ ಶಿಲೆಗಳ ಮೇಲೆ ಕೆಲಸ ಮಾಡಿದವನು:
ಮೊದಲ ಉತ್ತರಕ್ಕೆ ಸ್ವಲ್ಪ ತಕರಾರಿದೆ. ಹರಳೇ ಕಾಣದಷ್ಟು ನುಣುಪು ಲಾವಾದಲ್ಲಿ ಮೈಕ್ರೋಸ್ಕೋಪು ಕೈಕೊಡುತ್ತದೆ. ಅಲ್ಲಿ ಸಿಲಿಕಾ ಎದುರು ಸೋಡಿಯಂ-ಪೊಟ್ಯಾಸಿಯಂ ಆಕ್ಸೈಡ್‌ಗಳ ಮೊತ್ತ ಹಾಕುವ ಟಿಎಎಸ್ ಗ್ರಾಫೇ ಹೆಸರಿಡಬೇಕು. ಆದರೆ ಕಲ್ಲು ಹಾಳಾಗಿದ್ದರೆ ಸೋಡಿಯಂ, ಪೊಟ್ಯಾಸಿಯಂ ಅತ್ತಿತ್ತ ಸರಿದಿರುತ್ತವೆ. ಆಗ ಸುಲಭಕ್ಕೆ ಸರಿಯದ ಟೈಟಾನಿಯಂ, ಜಿರ್ಕೋನಿಯಂ, ನಯೋಬಿಯಂ ನೋಡಬೇಕು. ಹಾಳಾಗಿದೆಯೇ ಎಂದು ತಿಳಿಯಲು ಮತ್ತೆ ಸ್ಲೈಡೇ ಬೇಕು, ಅಷ್ಟು ಒಪ್ಪುತ್ತೇನೆ.

ನಿಮ್ಮ ಕೆಮಿಸ್ಟ್ರಿ ಕೈಹಿಡಿಯುವುದು ವಿರಳ ಭೂ ಧಾತುಗಳಲ್ಲಿ (ರೇರ್ ಅರ್ತ್). ಅವುಗಳಲ್ಲೊಂದಾದ ಯುರೋಪಿಯಂ ಭಾಗಶಃ 2+ ಆಗಿ ಇರಬಲ್ಲದು. ಹಾಗಿದ್ದಾಗ ಪ್ಲಾಜಿಯೋಕ್ಲೇಸ್‌ನಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ನುಗ್ಗುತ್ತದೆ. ಪ್ಲಾಜಿಯೋಕ್ಲೇಸ್ ಬೇರೆಯಾಗಿ ಹೋದರೆ ಉಳಿದ ಮ್ಯಾಗ್ಮಾದಲ್ಲಿ ಈ ಧಾತುಗಳ ಗ್ರಾಫು ಯುರೋಪಿಯಂ ಹತ್ತಿರ ಗುಂಡಿ ಬೀಳುತ್ತದೆ. ಚಂದ್ರನ ಮೇಲಿನ ಬಿಳಿ ಎತ್ತರ ಪ್ರದೇಶದ, ಹೆಚ್ಚುಪಾಲು ಪ್ಲಾಜಿಯೋಕ್ಲೇಸೇ ಆದ ಅನಾರ್ಥೊಸೈಟ್‌ನಲ್ಲಿ ಗುಡ್ಡ, ಕಪ್ಪು ಬಸಾಲ್ಟ್‌ನಲ್ಲಿ ಗುಂಡಿ! ಅಪೊಲೊ ತಂದ ಕಲ್ಲುಗಳಲ್ಲಿ ಇದನ್ನು ನೋಡಿಯೇ, ಚಂದ್ರನ ಮೇಲೆ ಒಂದು ಕಾಲಕ್ಕೆ ಮ್ಯಾಗ್ಮಾ ಸಾಗರವಿತ್ತು ಎಂಬ ವಾದಕ್ಕೆ ಬಲ ಬಂತು.

ಪಾಠ ಮಾಡುವವರು:
ಫೇಸ್ ಡಯಾಗ್ರಾಂ (ಯಾವ ತಾಪಮಾನದಲ್ಲಿ ಯಾವುದು ಘನ, ಯಾವುದು ದ್ರವ ಎಂದು ತೋರಿಸುವ ನಕ್ಷೆ) ಕೈಯಲ್ಲೇ ಬಿಡಿಸಿ, ಡಯಾಪ್ಸೈಡ್-ಅನಾರ್ಥೈಟ್ ಖನಿಜ ಜೋಡಿಯಿಂದ ಶುರು ಮಾಡಿ. ಒಂದೊಂದೇ ಆದರೆ ಸುಮಾರು 1392, 1553 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತವೆ. ಬೆರೆತರೆ 1274ಕ್ಕೇ ಕರಗಲು ಶುರು. ಯಾಕೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ ಅಲ್ವಾ? ಉಳಿದ ಸಮಯವನ್ನೆಲ್ಲ ಮೈಕ್ರೋಸ್ಕೋಪಿಗೆ ಕೊಡಿ. ಕೆಮಿಸ್ಟ್ರಿಯಿಂದ ಬಂದವರಿಗೆ ವೈವಾದಲ್ಲಿ ನಾನು ಮೊದಲು ಕೊಡುವುದು ಸ್ಲೈಡನ್ನೇ.