ಸಹಾಯ ಬೇಕು: ಸಿಲ್ವಿ ಗಿಲೆಮ್ ಅವರ ‘ಸ್ಮೋಕ್’ ನೃತ್ಯಚಿತ್ರದ ಪೂರ್ಣ ಪ್ರತಿ

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದಲ್ಲಿ ಕಥಕ್ ಕಲಿಯುತ್ತಿರುವ ನಾವು ಎಂಟು ಮಂದಿ, ಫ್ರಾನ್ಸಿನ ಬ್ಯಾಲೆ ಕಲಾವಿದೆ ಸಿಲ್ವಿ ಗಿಲೆಮ್ ಅವರು ಸ್ವೀಡನ್ನಿನ ಮ್ಯಾಟ್ಸ್ ಏಕ್ ಅವರ ಸಂಯೋಜನೆಯಲ್ಲಿ ಕ್ಯಾಮೆರಾಕ್ಕಾಗಿಯೇ ನರ್ತಿಸಿದ, 1995ರ ‘ಸ್ಮೋಕ್’ ಚಿತ್ರವನ್ನು ಒಟ್ಟಿಗೆ ಕುಳಿತು ನೋಡಬೇಕೆಂದಿದ್ದೇವೆ. ಅಂತರ್ಜಾಲದಲ್ಲಿ ನಮಗೆ ದೊರೆತದ್ದು ಮಸುಕಾದ ತುಣುಕುಗಳು ಮಾತ್ರ. ಪಾದಗಳೇ ಸ್ಪಷ್ಟವಾಗಿ ಕಾಣದಿದ್ದರೆ ನೃತ್ಯ ಕಲಿಯುವವರಿಗೆ ಅದರಿಂದ ಪ್ರಯೋಜನವಿಲ್ಲ.

1984ರಲ್ಲಿ, ಕೇವಲ 19ನೇ ವಯಸ್ಸಿಗೆ, ಆಗಿನ ನಿರ್ದೇಶಕ ರುಡಾಲ್ಫ್ ನುರೆಯೇವ್ ಅವರಿಂದ ಪ್ಯಾರಿಸ್ ಒಪೆರಾ ಬ್ಯಾಲೆಯ ಅತ್ಯುನ್ನತ ಸ್ಥಾನವಾದ ‘ಎತ್ವಾಲ್’ ಪಡೆದ, ಕಾಲನ್ನು ಕಿವಿಯ ಪಕ್ಕದವರೆಗೆ ಎತ್ತಿ ನಿಲ್ಲಬಲ್ಲವರಾಗಿದ್ದ ಈ ಕಲಾವಿದೆ, ಏಕ್ ಅವರ ಸಂಯೋಜನೆಯಲ್ಲಿ ಬೆನ್ನು ಬಾಗಿಸಿ, ಪಾದವನ್ನು ನೆಲಕ್ಕೊತ್ತಿ, ದೇಹದ ಭಾರವನ್ನು ಮರೆಮಾಚದೆ ಕುಣಿಯುತ್ತಾರೆ. ನನಗಂತೂ ಇದು ನಮ್ಮ ತತ್ಕಾರಕ್ಕೆ, ಅಂದರೆ ಕಥಕ್‌ನ ಪಾದಗತಿಗೆ, ಬಹಳ ಹತ್ತಿರವೆನಿಸುತ್ತದೆ. (ಮುಂದೆ 2006ರಲ್ಲಿ ಅವರು ಕಥಕ್ ಕಲಿತ ಅಕ್ರಂ ಖಾನ್ ಅವರೊಡನೆ ವೇದಿಕೆ ಹಂಚಿಕೊಂಡರು.)

ಈ ಚಿತ್ರದ ಅಧಿಕೃತ ಡಿವಿಡಿ ಯಾರ ಬಳಿಯಾದರೂ ಇದ್ದರೆ ಒಂದು ಸಂಜೆಯ ಮಟ್ಟಿಗೆ ಎರವಲು ಕೊಡುವಿರಾ? ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಗ್ರಂಥಾಲಯದ ಸದಸ್ಯರು ಅಲ್ಲಿ ವಿಚಾರಿಸಿ ತಿಳಿಸಿದರೂ ದೊಡ್ಡ ಉಪಕಾರ. ಏಕ್ ಅವರ ಶೈಲಿಯನ್ನು ಅಭ್ಯಾಸ ಮಾಡಿದವರು ಅರ್ಧ ಗಂಟೆ ನಮ್ಮೊಡನೆ ಕನ್ನಡದಲ್ಲಿ ಮಾತನಾಡಲು ಒಪ್ಪಿದರೆ, ಅವರಿಗೆ ಅನುಕೂಲವಾದ ಭಾನುವಾರವನ್ನೇ ಗೊತ್ತುಮಾಡುತ್ತೇವೆ.